ಐವತ್ತೆಂಟರಲ್ಲಿ ಎರಡು ತಲೆ ಕಡಿಮೆ

ಗುರುಸಂಗಪ್ಪ ಮೂವತ್ತಮೂರು ವರ್ಷ ಬಸ್ ಕಂಡಕ್ಟರ್ ಆಗಿದ್ದವರು. ಕೊಟ್ಟೂರಿನಿಂದ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಅಂತ ಅವರು ತಿರುಗದ ದಾರಿಯಿಲ್ಲ, ಅನುಮಾನಿಸದ ಪ್ರಯಾಣಿಕನಿಲ್ಲ. ಕಿಟಕಿಯಾಚೆ ಬಹಳ ಆಸಕ್ತಿಯಿಂದ ನೋಡುವವನ ಹತ್ತಿರ ಟಿಕೆಟ್ ಇರುವುದಿಲ್ಲ. ಮಗುವಿನ ವಯಸ್ಸನ್ನು ತಾಯಿಯ ಹತ್ತಿರ ಕೇಳಬಾರದು, ಮಗುವನ್ನೇ ಎಷ್ಟನೇ ಕ್ಲಾಸು ಅಂತ ಕೇಳಬೇಕು. ಇಂಥ ಪಾಠಗಳನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಬಸ್ಸೇ ಕಲಿಸಿತ್ತು. ನಿವೃತ್ತಿಯ ದಿನ ಹೆಗಲ ಚೀಲ ಇಳಿಸಿ ಬಂದರೇ ಹೊರತು ಅನುಮಾನವನ್ನು ಇಳಿಸಿ ಬರಲಿಲ್ಲ. ಮದುವೆ ಮನೆಯಲ್ಲಿ ಪಂಕ್ತಿಗೆ ಕೂತರೂ ಮೊದಲು ಸಾಲಿನ ತಲೆ ಎಣಿಸಿ ಆಮೇಲೆ ಎಲೆಗೆ ನೀರು ಚಿಮುಕಿಸುತ್ತಿದ್ದರು.

"ಈ ಮನುಷ್ಯಾಗ ದೇವರ ಪ್ರತ್ಯಕ್ಷ ಆದ್ರೂ ಮೊದ್ಲು ಪಾಸ್ ತೋರ್ಸು ಅಂತಾನ ನೋಡ್ರಿ," ಎಂದು ಅವರ ಹೆಂಡತಿ ದಾಕ್ಷಾಯಣಮ್ಮ ಓಣಿಯವರ ಮುಂದೆ ಹೇಳಿ ನಗುತ್ತಿದ್ದರು. ಗುರುಸಂಗಪ್ಪನವರಿಗೆ ಅದು ಬೈಗುಳ ಅನ್ನಿಸುತ್ತಿರಲಿಲ್ಲ. ಹೊಗಳಿಕೆ ಅಂತಲೇ ತಿಳಿದಿದ್ದರು.

ಮೊಮ್ಮಗಳು ಭೂಮಿಕಾ ಅವರ ಮನೆಯಲ್ಲಿದ್ದುಕೊಂಡು ಕೊಟ್ಟೂರಿನಲ್ಲೇ ಬಿ.ಎ. ಎರಡನೇ ವರ್ಷ ಓದುತ್ತಿದ್ದಳು. ಅವಳ ಅಪ್ಪ, ಅಂದರೆ ಗುರುಸಂಗಪ್ಪನವರ ಅಳಿಯ, ಅರುಣಕುಮಾರ್‌ಗೆ ಹಗರಿಬೊಮ್ಮನಹಳ್ಳಿಯಲ್ಲಿ ಪಂಪ್‌ಸೆಟ್ ಮೋಟಾರ್ ರಿಪೇರಿ ಅಂಗಡಿ. ಮಗಳನ್ನು ಕಳಿಸುವಾಗ ಒಂದೇ ಕರಾರು ಹಾಕಿದ್ದ: ಒಂದು ಕೆಟ್ಟ ಮಾತು ಕಿವಿಗೆ ಬಿದ್ದರೂ ಸಾಕು, ಕಾಲೇಜು ಅಲ್ಲಿಗೆ ಮುಗಿಯಿತು. ಹರಪನಹಳ್ಳಿಯ ಒಂದು ಮನೆಯವರು ಆಗಲೇ ಹೆಣ್ಣು ಕೇಳಿ ಹೋಗಿದ್ದರು. ಪರೀಕ್ಷೆ ಮುಗಿಯಲಿ ಎಂದು ಅವರನ್ನು ಕಾಯಿಸಿ ಇಟ್ಟಿದ್ದ ಅಷ್ಟೇ. ಹುಡುಗಿಯ ಓದೆಲ್ಲ ತಾತನ ಒಂದು ಫೋನ್ ಮೇಲೆ ನಿಂತಿತ್ತು.

ಹೀಗಿರುವಾಗ ಒಂದು ಬೆಳಿಗ್ಗೆ ಅವಳ ನೋಟ್‌ಪುಸ್ತಕದಿಂದ ಒಂದು ಹಾಳೆ ಜಾರಿ ಗುರುಸಂಗಪ್ಪನವರ ಕಾಲ ಬಳಿ ಬಿತ್ತು. ದುಂಡನೆಯ ಅಕ್ಷರದಲ್ಲಿ ಬರೆದಿತ್ತು: 'ನೀನು ಕರದ್ರ ಬೆಂಕಿ ಹೊಳಿ ದಾಟಿಯಾದ್ರೂ ಬರ್ತೀನಿ. ನಿನ್ನ ಬಿಟ್ಟು ನಾ ಎಲ್ಲಿಗೂ ಹೋಗಂಗಿಲ್ಲ.' ಅವರು ಅದನ್ನು ಎರಡು ಸಲ ಓದಿ, ಮಡಿಸಿ, ಬನಿಯನ್ ಕಿಸೆಗೆ ಹಾಕಿಕೊಂಡರು. ಅವಳನ್ನು ಒಂದು ಮಾತೂ ಕೇಳಲಿಲ್ಲ. ಕಳ್ಳನನ್ನು ಹಿಡಿಯಬೇಕಾದವನು ಮೊದಲೇ ಸೀಟಿ ಊದುತ್ತಾನೆಯೇ?

ಅದೇ ವಾರ ಭೂಮಿಕಾ, "ತಾತಾ, ಆದಿತ್ಯವಾರ ಕಾಲೇಜಿನ್ಯಾಗ ಸಿನಿಮಾ ತೋರಸ್ತಾರ. ನಮ್ಗ ಪಾಠಕ್ಕಿರೋ ಇಂಗ್ಲಿಷ್ ಕಾದಂಬರಿ ಅದು," ಎಂದಳು.

"ಎಷ್ಟೊತ್ತಿಂದು?"

"ನಾಲ್ಕು ತಾಸು."

"ನಾಲ್ಕು ತಾಸು ಯಾವ ಸಿನಿಮಾ ಇರ್ತೈತಿ? ಇಷ್ಟೊತ್ತಿನ್ಯಾಗ ದಾವಣಗೆರಿಗೆ ಹೋಗಿ ಊಟಾ ಮಾಡಿ ವಾಪಸ್ ಬರಬೌದು."

"ಕಾದಂಬರಿನ ಏಳ್ನೂರು ಪುಟ ಐತಿ ತಾತಾ."

ಗುರುಸಂಗಪ್ಪ ಹೂಂ ಅಂದರು. ಭಾನುವಾರ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಆ ಹಾಳೆಯನ್ನು ಅದರ ಕಿಸೆಗೆ ಹಾಕಿಕೊಂಡು ಅವಳಿಗಿಂತ ಮೊದಲೇ ಬಾಗಿಲಲ್ಲಿ ನಿಂತರು. ಭೂಮಿಕಾಳ ಮುಖ ಸಣ್ಣಗಾಯಿತು. ಅದನ್ನೂ ಅವರು ಗಮನಿಸಿ ಲೆಕ್ಕಕ್ಕೆ ಹಿಡಿದುಕೊಂಡರು.

ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವ ಅಮೃತಾ ಮೇಡಂ ತಾತನನ್ನು ಕಂಡು ಸಂತೋಷಪಟ್ಟರು. "ಬರ್ರಿ ತಾತಾರ, ನೀವು ಬಂದದ್ದು ಬಾಳ ಚಲೋ ಆತು," ಎಂದು ಹಿಂದಿನ ಸಾಲಿನಲ್ಲಿ ಕುರ್ಚಿ ಹಾಕಿಸಿದರು. ಕಿಟಕಿಗಳಿಗೆಲ್ಲ ಕರಿ ಬಟ್ಟೆ ಕಟ್ಟಿತ್ತು. ಹಗಲು ಹತ್ತು ಗಂಟೆಯಲ್ಲಿ ಇಷ್ಟು ಕತ್ತಲೆ ಯಾತಕ್ಕೆ ಅನ್ನುವುದು ಅವರ ಮೊದಲ ಪ್ರಶ್ನೆ. ದೀಪ ಆರಿಸುವ ಮುಂಚೆ ಎಣಿಸಿಕೊಂಡುಬಿಡೋಣ ಎಂದು ಶುರು ಮಾಡಿದರು. ಮೇಡಂ ವೇದಿಕೆಯ ಮೇಲೆ ಏನೋ ಹೇಳುತ್ತಿದ್ದರು, ಯಾರದೋ ಹೆಸರು ಕರೆದರು, ಮಕ್ಕಳು ಚಪ್ಪಾಳೆ ಹೊಡೆದರು. ಗುರುಸಂಗಪ್ಪ ಆಗ ಮೂವತ್ತೊಂದರಲ್ಲಿದ್ದರು. ಒಟ್ಟು ಐವತ್ತೆಂಟು ತಲೆ. ಭೂಮಿಕಾ ಮುಂದಿನ ಸಾಲಿನ ತುದಿಯಲ್ಲಿದ್ದಳು.

ಸಿನಿಮಾ ಶುರುವಾಯಿತು. ಮಂಜು ಮುಚ್ಚಿದ ಬೆಟ್ಟದ ನಾಡು, ಅಲ್ಲೊಬ್ಬಳು ರಾಣಿ. ಅವಳ ನೆರಳನ್ನು ಯಾವನೋ ಮಾಂತ್ರಿಕ ಕದ್ದೊಯ್ದಿದ್ದಾನೆ. ಅದನ್ನು ತರಲು ಅವಳು ಒಬ್ಬ ಕುರುಡ ಸೈನಿಕನ ಜೊತೆ ಹೊರಟಿದ್ದಾಳೆ. ನೆರಳು ಹೋದರೆ ಹೋಗಲಿ, ಅದರಿಂದ ಯಾರಿಗೇನು ನಷ್ಟ ಎಂಬುದು ಗುರುಸಂಗಪ್ಪನವರಿಗೆ ಹೊಳೆಯಲಿಲ್ಲ. ಕುರುಡನನ್ನು ಕಾವಲಿಗೆ ಇಟ್ಟುಕೊಂಡವಳ ಬುದ್ಧಿಯ ಮೇಲೂ ಗುಮಾನಿ ಬಂತು. ಅದಕ್ಕಿಂತ ವಿಚಿತ್ರವೆಂದರೆ ಬಂಗಾರದ ಕೂದಲಿನ ಆ ರಾಣಿ, "ನನ್ನ ನೆರಳು ಎಲ್ಲೈತಿ ಹೇಳಲೇ ಭಾಡ್ಯಾ!" ಎಂದು ಮಾಂತ್ರಿಕನ ದೂತನನ್ನು ಬೈದಳು. ಹಾಲ್ ತುಂಬಾ ನಗೆ. ಈಗೆಲ್ಲ ಹೊರದೇಶದ ಸಿನಿಮಾಗಳಿಗೆ ಕನ್ನಡ ಕೂಡಿಸುತ್ತಾರೆ ಎಂದು ಅವರು ಕೇಳಿದ್ದರು. ಆದರೆ ನಮ್ಮ ಸಂತೆಯ ಭಾಷೆಯನ್ನೇ ಹುಡುಕಿ ಕೂಡಿಸುವವರು ಯಾರು, ಅವರಿಗೆ ಇದರಲ್ಲಿ ಏನು ಲಾಭ? ಹೀಗೆ ಎಲ್ಲವನ್ನೂ ಅನುಮಾನಿಸಿದರು. ದನಿಯನ್ನು ಮಾತ್ರ ಕೇಳಿಸಿಕೊಳ್ಳಲಿಲ್ಲ. ಕಂಡಕ್ಟರನಿಗೆ ಕಣ್ಣು ಚುರುಕಿರಬೇಕು, ಕಿವಿ ಮಂದವಿರಬೇಕು. ಕಿವಿ ಕೊಟ್ಟರೆ ಬಸ್ಸಿನಲ್ಲಿರುವ ಅಷ್ಟೂ ಜನ ಒಂದೊಂದು ಕತೆ ಹೇಳಿ ಇಳಿದು ಹೋಗುತ್ತಾರೆ.

ಪರದೆಯ ಮೇಲೆ ಒಂದು ಊರಿಗೆ ಬೆಂಕಿ ಬಿತ್ತು. ಹಾಲ್ ಬೆಳ್ಳಗಾಯಿತು. ಗುರುಸಂಗಪ್ಪ ಅವಸರದಿಂದ ಎಣಿಸಿದರು. ಐವತ್ತಾರು.

ಮುಂದಿನ ಸಾಲಿನ ತುದಿ ಖಾಲಿ. ನಾಲ್ಕನೇ ಸಾಲಿನಲ್ಲಿ ಇನ್ನೊಂದು ಖಾಲಿ. ಅಲ್ಲಿ ಕೂತಿದ್ದವನು ಭರತ್, ಕೂಡ್ಲಿಗಿ ಕಡೆಯ ಹುಡುಗ. ಒಮ್ಮೆ ಬಸ್ ಸ್ಟ್ಯಾಂಡಿನಲ್ಲಿ ಭೂಮಿಕಾಳಿಗೆ ಪುಸ್ತಕ ಕೊಟ್ಟು, ಕೈ ಬೀಸಿ ಹೋದವನು. ಅವರು ಎರಡೂ ಬಾಗಿಲ ಕಡೆ ಕಣ್ಣು ನೆಟ್ಟು ಕೂತರು.

ಹನ್ನೆರಡಕ್ಕೆ ಇಂಟರ್‌ವಲ್. ಅಂಗಳದಲ್ಲಿ ಎಲ್ಲರಿಗೂ ಒಗ್ಗರಣೆ ಮಂಡಕ್ಕಿ, ಮಿರ್ಚಿ ಬಜ್ಜಿ ಕೊಟ್ಟರು. ಭೂಮಿಕಾ ಒಂದು ಬಾಗಿಲಿನಿಂದ ಬಂದಳು, ಭರತ್ ಇನ್ನೊಂದು ಬಾಗಿಲಿನಿಂದ. ಒಂದೇ ಬಾಗಿಲಿನಿಂದ ಬಂದಿದ್ದರೂ ಗುರುಸಂಗಪ್ಪ ಬಿಡುತ್ತಿರಲಿಲ್ಲ, ಎರಡರಿಂದ ಬಂದದ್ದು ಇನ್ನೂ ಕೆಟ್ಟದ್ದಾಗಿ ಕಂಡಿತು. ಅವಳು ಖಾರದ ಮಿರ್ಚಿ ಬಿಟ್ಟು ಬಿಸಿನೀರು ಕುಡಿಯುತ್ತಿದ್ದಳು.

"ಮಿರ್ಚಿ ಯಾಕ ಒಲ್ಲಿ?"

"ಗಂಟಲಾ ಯಾಕೋ ಸರಿ ಇಲ್ಲ ತಾತಾ," ಎಂದು ಮುಖ ತಿರುಗಿಸಿದಳು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಬಿಸಿನೀರೂ ಹಳದಿಯಾಗಿಯೇ ಕಂಡಿತು.

ಮತ್ತೆ ಕತ್ತಲೆಯಾಯಿತು. ಅರ್ಧ ತಾಸಿನ ಮೇಲೆ ಪರದೆಯಲ್ಲಿ ಸೂರ್ಯ ಹುಟ್ಟಿದ. ಮತ್ತೆ ಐವತ್ತಾರು. ಅವರು ಎದ್ದು ಹೊರಗೆ ಬಂದು ಅಳಿಯನಿಗೆ ಫೋನ್ ಹಚ್ಚಿದರು. ಮೊದಲು ವರದಿ, ಆಮೇಲೆ ವಿಚಾರಣೆ. ಮೂವತ್ತಮೂರು ವರ್ಷದ ರೂಢಿ.

"ಅಳಿಯಂದಿರ, ಹುಡುಗಿ ಹಾಲ್‌ನ್ಯಾಗ ಇಲ್ರಿ."

"ಎಲ್ಲಿಗೆ ಹೋಗ್ಯಾಳ?"

"ಗೊತ್ತಿಲ್ಲ. ಹುಡುಗ ಒಬ್ಬನ ಕುರ್ಚಿನೂ ಖಾಲಿ ಐತಿ."

ಆ ಕಡೆಯಿಂದ ಅಂಗಡಿಯ ಶಟರ್ ಎಳೆದ ಸದ್ದು ಬಂತು. ಅರುಣಕುಮಾರ್ ಬೇರೆ ಮಾತಾಡಲಿಲ್ಲ, "ಬಂದೆ," ಎಂದು ಫೋನ್ ಇಟ್ಟ.

ಗುರುಸಂಗಪ್ಪ ಪಡಸಾಲೆಯುದ್ದಕ್ಕೂ ಒಂದೊಂದೇ ಕೋಣೆ ಇಣುಕುತ್ತಾ ಹೋದರು. ವೇದಿಕೆಯ ಹಿಂದಿನ ಸಣ್ಣ ಕೋಣೆಯ ಬಾಗಿಲು ಮುಚ್ಚಿತ್ತು. ಕಿವಿ ಇಟ್ಟರು.

"ನಿನ್ನ ಬಿಟ್ಟು ನಾ ಎಲ್ಲಿಗೂ ಹೋಗಂಗಿಲ್ಲ," ಹುಡುಗಿಯ ದನಿ. ಕಿಸೆಯಲ್ಲಿದ್ದ ಹಾಳೆಯ ಮಾತು!

"ಹೋಗ್ಬೇಕು. ನನ್ನ ದಾರಿ ಇಲ್ಲಿಗೆ ಮುಗೀತು," ಹುಡುಗನ ದನಿ.

ಅವರು ಬಾಗಿಲು ನೂಕಿದರು. ಚಿಲಕ ಹಾಕಿರಲಿಲ್ಲ, ದಢಾರನೆ ತೆರೆಯಿತು.

ಮೇಜಿನ ಮೇಲೆ ಒಂದು ಲ್ಯಾಪ್‌ಟಾಪ್. ಅದರಲ್ಲಿ ಅದೇ ರಾಣಿ, ಅದೇ ಸೈನಿಕ. ಪುಸ್ತಕಗಳ ಗುಡ್ಡೆಯ ಮೇಲೆ, ಹಾಲ್ ಕಡೆಗೆ ತಂತಿ ಎಳೆದ ಒಂದೇ ಮೈಕು. ಅದರ ಈ ಕಡೆ ಭೂಮಿಕಾ, ಆ ಕಡೆ ಭರತ್, ಇಬ್ಬರ ಕೈಯಲ್ಲೂ ಹಾಳೆಗಳ ಕಟ್ಟು. ಭೂಮಿಕಾ ತಾತನನ್ನು ಕಂಡಳು. ಕಂಡರೂ ನಿಲ್ಲಿಸುವಂತಿರಲಿಲ್ಲ. ರಾಣಿಯ ಬಾಯಿ ಪರದೆಯ ಮೇಲೆ ಆಡುತ್ತಿತ್ತು. ಸುಮ್ಮನಿರು ಎಂದು ತಾತನಿಗೆ ಕೈ ತೋರಿಸಿ, ಅವರ ಮುಖವನ್ನೇ ನೋಡುತ್ತಾ ಆ ರಾಣಿಯ ಮಾತುಗಳನ್ನೆಲ್ಲ ಹೇಳಿ ಮುಗಿಸಿದಳು. ಕುದುರೆಗಳು ಓಡತೊಡಗಿದಾಗ ಮೈಕು ಆರಿಸಿದಳು.

"ಇಂಗ್ಲಿಷ್ ನಮ್ಮ ಹುಡುಗ್ರಿಗೆ ತಿಳ್ಯಂಗಿಲ್ಲ ತಾತಾ, ಅದಕ್ಕ ನಾವ ಕನ್ನಡ ಬರದ್ವಿ. ಎರಡು ತಿಂಗಳು ಹಿಡೀತು. ಮೇಡಂ ಎಲ್ಲಾರ ಮುಂದ ಹೇಳಿದ್ರಲ್ಲ?"

"ನನಗ ಯಾಕ ಹೇಳ್ಲಿಲ್ಲ?"

"ಹುಡುಗನ ಕೂಡ ಮೈಕಿನ್ಯಾಗ ಮಾತಾಡ್ತೀನಿ ಅಂದ್ರ ಬಿಡ್ತಿದ್ದೇನು?" ಅವಳ ಕಣ್ಣು ತುಂಬಿತು. "ಅದು ಹೋಗ್ಲಿ. ಹತ್ತು ಗಂಟಿಯಿಂದ ನಾನ ಮಾತಾಡಾಕತ್ತೀನಿ. ಎರಡು ವರ್ಷ ನಿನ್ನ ಮನ್ಯಾಗ ಅದೀನಿ. ನಿನಗ ನನ್ನ ದನಿ ಗುರ್ತ ಸಿಗಲಿಲ್ಲೇನು ತಾತಾ?"

ಗುರುಸಂಗಪ್ಪ ಟಿಕೆಟ್ಟಿಲ್ಲದೆ ಸಿಕ್ಕಿಬಿದ್ದವರು ಹೇಗೆ ನಿಲ್ಲುತ್ತಾರೋ ಹಾಗೆ ನಿಂತಿದ್ದರು. ಕೊನೆಗೆ, "ನಿಮ್ಮಪ್ಪ ಬರಾಕತ್ತಾನ," ಎಂದರು.

"ಯಾರು ಕರದ್ರು?"

"ನಾನ."

ಪರದೆಯಲ್ಲಿ ಕುದುರೆಗಳು ನಿಂತವು. ಭರತ್ ಮೆಲ್ಲಗೆ, "ಭೂಮಿಕಾ, ನಿಂದು," ಎಂದ. ಅವಳು ಮೈಕಿಗೆ ಬಾಯಿ ಕೊಟ್ಟಳು. ದನಿ ನಡುಗಿತು. ರಾಣಿ ಅಳುತ್ತಿದ್ದಾಳೆಂದು ತಿಳಿದು ಹಾಲ್‌ನಲ್ಲಿ ಮಕ್ಕಳು ಸಿಳ್ಳೆ ಹೊಡೆದರು.

ಗುರುಸಂಗಪ್ಪ ಗೇಟಿಗೆ ಓಡಿ ಅಳಿಯನಿಗೆ ಆರು ಸಲ ಫೋನ್ ಮಾಡಿದರು. ಬೈಕಿನ ಮೇಲಿದ್ದವನು ಎತ್ತಲಿಲ್ಲ. ತಾವೇ ಹೊತ್ತಿಸಿದ ಬೆಂಕಿ ಇಪ್ಪತ್ತೆಂಟು ಕಿಲೋಮೀಟರ್ ದಾರಿ ಹಿಡಿದು ತಮ್ಮ ಕಡೆಗೇ ಬರುತ್ತಿತ್ತು.

ಅರುಣಕುಮಾರ್ ಬಂದ. ಹೆಲ್ಮೆಟ್ ತೆಗೆದ ಮುಖ ಕೆಂಪಗಿತ್ತು.

"ಸಿಕ್ಕಳೇನ್ರಿ?"

"ಒಳಗ ಬರ್ರಿ. ಎರಡು ನಿಮಿಷ ಕುಂದರ್ರಿ."

"ಕುಂದರಾಕ ಬಂದಿಲ್ಲ ಮಾವಾ. ಎಲ್ಲಿ ಅದಾಳ?"

ಗುರುಸಂಗಪ್ಪ ಅವನ ಕೈ ಹಿಡಿದು ಹಾಲ್‌ನ ಹಿಂಬಾಗಿಲಿಗೆ ಕರೆದುಕೊಂಡು ಹೋದರು. ಹೇಳಿದರೆ ನಂಬುವವನಲ್ಲ. ಯಾರನ್ನೂ ನಂಬಬಾರದೆಂದು ಅವನಿಗೆ ಪಾಠ ಹೇಳಿದವರು ಈ ಮಾವನೇ. ಪರದೆಯ ಮೇಲೆ ರಾಣಿ ಮಾಂತ್ರಿಕನ ಎದುರು ನಿಂತಿದ್ದಳು.

"ನನ್ನ ನೆರಳು ನನಗ ಕೊಡು," ಎಂದಳು ರಾಣಿ.

ಹೆಲ್ಮೆಟ್ಟಿನ ಪಟ್ಟಿ ಹಿಡಿದಿದ್ದ ಅರುಣಕುಮಾರನ ಕೈ ಅಲ್ಲೇ ನಿಂತಿತು. "ಇದು ನಮ್ಮ ಭೂಮಿ," ಎಂದ.

"ಹೆಂಗ ಗುರ್ತ ಹಿಡಿದ್ರಿ?"

"ಹೆಂಗಂದ್ರ? ಮಗಳ ದನಿ ರೀ."

ಬೆಳಿಗ್ಗೆಯಿಂದ ತಮಗೆ ಕೇಳಿಸದ್ದನ್ನು ಈ ಒರಟ ಒಂದು ಮಾತಿಗೇ ಕೇಳಿಸಿಕೊಂಡ. ಗುರುಸಂಗಪ್ಪನವರಿಗೆ ನಾಚಿಕೆಯಾಯಿತು, ಹೊಟ್ಟೆಕಿಚ್ಚೂ ಆಯಿತು. ನಡೆದದ್ದನ್ನೆಲ್ಲ ಪಿಸುದನಿಯಲ್ಲಿ ಹೇಳಿದರು. ಅರುಣಕುಮಾರ್ ಗೋಡೆಗೆ ಒರಗಿ ಕೇಳಿಸಿಕೊಂಡ. ಅಷ್ಟರಲ್ಲಿ ಸೈನಿಕ ಮಾತಾಡಿದ. ಅರುಣಕುಮಾರನ ಹುಬ್ಬು ಗಂಟಾಯಿತು.

"ಈ ಗಂಡಸು ದನಿ ಅವಂದ? ಇಬ್ಬರೂ ಒಂದ ಖೋಲಿಯೊಳಗ ಅದಾರೇನು? ಬಾಗ್ಲಾ ಮುಚ್ಚೈತೇನು?"

ಇವೆಲ್ಲ ತಮ್ಮವೇ ಪ್ರಶ್ನೆಗಳು, ಗುರುಸಂಗಪ್ಪನವರಿಗೆ ಚೆನ್ನಾಗಿ ಗೊತ್ತಿತ್ತು. ನನಗೇನು ಗೊತ್ತು, ನೀವೇ ನೋಡಿಕೊಳ್ಳಿ ಎಂದು ಕೈ ತೊಳೆದುಕೊಳ್ಳಬಹುದಿತ್ತು. ಹಾಗೆ ಅಂದರೆ ನಾಳೆಯೇ ಅವಳ ಟ್ರಂಕು ಬಸ್ಸಿನ ಮೇಲೇರುತ್ತದೆ.

"ಒಂದ ಖೋಲಿ. ಬಾಗ್ಲಾ ಮುಚ್ಚಿತ್ತು. ಮೈಕು ಒಂದ ಐತಿ, ಹೊರಗಿನ ಗದ್ದಲ ಒಳಗ ಬರಬಾರ್ದು, ಅದಕ್ಕ."

"ಆ ಹುಡುಗನ್ನ ನೀವು ನಂಬ್ತೀರೇನು?"

ಭರತ್‌ನ ಅಪ್ಪನ ಹೆಸರು ಕೂಡ ಅವರಿಗೆ ಗೊತ್ತಿರಲಿಲ್ಲ.

"ಅವನ್ನ ನಾ ಅರಿಯೆ. ಭೂಮೀನ ಬಲ್ಲೆ. ಅಕಿಗೆ ನಾ ಹೊಣಿ. ನಾಳೆ ಏನರ ಹೆಚ್ಚುಕಮ್ಮಿ ಆದ್ರ ನನ್ನ ಕೇಳ್ರಿ, ಅಕಿನ್ನ ಕೇಳಬ್ಯಾಡ್ರಿ."

ಅರುಣಕುಮಾರ್ ಪರದೆ ಬಿಟ್ಟು ಮಾವನ ಕಡೆ ತಿರುಗಿದ.

"ನಾ ಅಂಗಡಿ ಹಾಕೋವಾಗ ಬಾಡಿಗಿ ಕರಾರಿಗೆ ನೀವು ನನಗ ಸೈತ ಹೊಣಿ ನಿಲ್ಲಲಿಲ್ಲ ಮಾವಾ," ಎಂದ. "ಈಗ ನಿಂತೀರಂದ್ರ ಆತು ಬಿಡ್ರಿ. ಅಕಿ ಓದ್ಲಿ."

ಅವನು ಒಂದು ಕುರ್ಚಿ ಎಳೆದುಕೊಂಡು, ಹೆಲ್ಮೆಟ್ ತೊಡೆಯ ಮೇಲಿಟ್ಟುಕೊಂಡು ಕೂತ. ಗುರುಸಂಗಪ್ಪನವರೂ ಪಕ್ಕದಲ್ಲಿ ಕೂತು, ರಾಣಿ ಮತ್ತೆ ಯಾವಾಗ ಮಾತಾಡುತ್ತಾಳೆಂದು ಕಾದರು.