ಅಕ್ಕಸಾಲಿಯ ಕೋಣೆಯ ಕಸ

ನಾಗಮಂಗಲದ ಸ್ವಂತ ಮನೆಯಲ್ಲಿ ಈಗಲೂ ಬೆಳಗಾದರೆ ನನ್ನ ಕಿವಿ ಶ್ರೀರಂಗಪಟ್ಟಣದಲ್ಲಿ ಕೋಣೆ ಕೊಟ್ಟಿದ್ದ ಅಜ್ಜಿಯ ಪೊರಕೆಯ ಸದ್ದನ್ನು ಹುಡುಕುತ್ತದೆ.

ಸುಲ್ತಾನರ ಕಾಲದಲ್ಲಿ ಚಿನ್ನದ ಕೆಲಸ ಹುಡುಕಿಕೊಂಡು ಶ್ರೀರಂಗಪಟ್ಟಣಕ್ಕೆ ಹೋದೆ. ಅಲ್ಲಿ ಸೌದೆಗೂ ಕಾಸು, ಸೊಪ್ಪಿಗೂ ಕಾಸು! ಬಾಡಿಗೆ ಕೇಳಿ ಕೇಳಿ ಮನೆಯಿಂದ ಮನೆಗೆ ಅಲೆದೆ. ಕೊನೆಗೆ ಅಜ್ಜಿಯೊಬ್ಬಳು ತನ್ನ ಹೊರಕೋಣೆ ತೋರಿಸಿ, "ಬಾಡಿಗೆ ಬ್ಯಾಡ ಕಣಪ್ಪ, ದಿನಾ ಕಸ ಮಾತ್ರ ನಾನೇ ಗುಡಿಸ್ಕತೀನಿ" ಅಂದಳು. ಅಕ್ಕಸಾಲಿಯ ಕಸವನ್ನು ಹೊಳೆಯಲ್ಲಿ ತೊಳೆದರೆ ಚಿನ್ನದ ಪುಡಿ ಸಿಕ್ಕುತ್ತದೆ. ಘಾಟಿ ಮುದುಕಿ ಎಂದು ಒಳಗೊಳಗೇ ಉರಿದುಕೊಂಡೇ ಒಪ್ಪಿ, ಆ ಕೋಣೆಯಲ್ಲೇ ಕೆಲಸಕ್ಕೆ ಕೂತೆ.

ಒಂದು ಮಳೆಗಾಲ ಜ್ವರ ಬಂದು ಕೆಲಸ ಬಿಟ್ಟು ಮಲಗಿದೆ. ಆಗಲೂ ಬೆಳಗ್ಗೆ ಪೊರಕೆ ಹಿಡಿದು ಬಂದಳು.

"ಕಸ್ದಲ್ಲಿ ಏನೂ ಇಲ್ಲ ಕಣಜ್ಜಿ," ಅಂದೆ.

"ಗೊತ್ತು ಕಣ್ಲಾ. ಗಂಜಿ ಮಡ್ಗಿವ್ನಿ, ಕುಡ್ದು ಮನಿಕ್ಕೊ" ಎಂದು ಮೂಲೆ ಮೂಲೆಯನ್ನೂ ಗುಡಿಸಿದಳು.