ಕಬಕಕ್ಕೆ ಹೋದ ಕಾಗದಗಳು

ಆ ಕಾಗದಗಳ ಸುದ್ದಿ ನನ್ನ ಕಿವಿಗೆ ಬಿದ್ದದ್ದು ಒಂದು ಶನಿವಾರ, ನಾನು ಅಡುಗೆ ಕೋಣೆಯ ನೆಲದಲ್ಲಿ ಕುಳಿತು ಒಣಮೀನಿನ ತಲೆ ತೆಗೆಯುತ್ತಿದ್ದಾಗ. ಅಬುಧಾಬಿಯ ಹಮ್ದಾನ್ ಸ್ಟ್ರೀಟಿನಲ್ಲಿ ನನ್ನ ಮಗ ರಾಝಿಕನ ಫ್ಲ್ಯಾಟು. ಒಣಮೀನು ಹುರಿದರೆ ಇಡೀ ಮಹಡಿಗೆ ವಾಸನೆ ಹಬ್ಬುತ್ತದೆಂದು ಸೊಸೆ ಶಾಹಿನಾಳಿಗೆ ಹೆದರಿಕೆ. ಅವಳು ಬಾಗಿಲ ಸಂದಿಗೆ ಹಳೆ ಬಟ್ಟೆ ತುರುಕುತ್ತ ಸುದ್ದಿ ಹೇಳಿದಳು. ಮೇಲಿನ ಮಹಡಿಯ ಬ್ಯಾಚುಲರ್ ಹುಡುಗರ ರೂಮಿನಲ್ಲಿ ಒಬ್ಬ ರೈಲ್ವೆ ಇಂಜಿನಿಯರ್ ಇದ್ದಾನೆ, ನಮ್ಮ ಬ್ಯಾರಿ ಹುಡುಗನೇ, ಪುತ್ತೂರು ಹತ್ತಿರದ ಕಬಕದವನು. ಊರಿಂದ ಅವನ ತಂದೆ ಕಾಗದ ಬರೆಯುತ್ತಾರಂತೆ, ಅವನಿಗೆ ಓದಲು ಬರುವುದಿಲ್ಲವಂತೆ.

"ಇಂಜಿನಿಯರಿಗೆ ಓದ್ಲಿಕ್ಕೆ ಬರುದಿಲ್ವಾ?" ಎಂದೆ.

"ಕನ್ನಡ ಬರುದಿಲ್ಲ ಉಮ್ಮ, ಹುಟ್ಟಿ ಬೆಳೆದದ್ದು ಇಲ್ಲಿ ಅಲ್ವಾ. ನೀವು ಓದಿ ಕೊಡ್ತೀರಿ ಅಂತ ಹೇಳಿಬಿಟ್ಟಿದ್ದೇನೆ. ಸಂಜೆಗೆ ಬರ್ತಾನೆ, ಆ ಮೀನು ಬೇಗ ಮುಗಿಸಿ."

ನಾವು ಬ್ಯಾರಿಗಳು ಮನೆಯಲ್ಲಿ ಆಡುವುದು ಬ್ಯಾರಿ ಭಾಷೆ, ಕಾಗದ ಬರೆಯುವುದು ಕನ್ನಡದಲ್ಲಿ. ನಮ್ಮ ಕಾಲದಲ್ಲಿ ಹಾಗೆಯೇ ಇತ್ತು. ನಾನು ಪಾಣೆಮಂಗಳೂರಿನ ಶಾಲೆಯಲ್ಲಿ ಐದನೆಯವರೆಗೆ ಕಲಿತವಳು. ಮದುವೆಯಾದ ಮೇಲೆ ಯಜಮಾನರು ಬರ್ ದುಬೈಯ ಬಟ್ಟೆ ಅಂಗಡಿಗೆ ಬಂದರು. ಅವರಿಗೆ ಬರೆದು ಬರೆದು ನನ್ನ ಕೈ ಕುದುರಿತು. ಆಮೇಲೆ ಓಣಿಯ ಹೆಂಗಸರೆಲ್ಲ ತಮ್ಮ ಗಂಡಂದಿರಿಗೆ ಬರೆಸಲು ನನ್ನ ಜಗಲಿಗೇ ಬರತೊಡಗಿದರು. ಅವರು ಅಳುತ್ತ ಹೇಳಿದ್ದನ್ನೂ ಬೈದು ಹೇಳಿದ್ದನ್ನೂ ನಾನು "ಇತ್ತ ಕಡೆ ಎಲ್ಲರೂ ಕ್ಷೇಮ, ತಮ್ಮ ಕ್ಷೇಮಕ್ಕೆ ಬರೆಯುತ್ತಿರಬೇಕು" ಎಂಬ ಮಾತುಗಳ ಒಳಗೆ ಕೂರಿಸಿ ಕೊಡುತ್ತಿದ್ದೆ. ಅವ್ವಮ್ಮ ಬರೆದರೆ ಜಗಳ ಆಗುವುದಿಲ್ಲ ಎಂದು ನನಗೆ ಹೆಸರಾಗಿತ್ತು.

ಸಂಜೆ ಹುಡುಗ ಬಂದ. ಸಫ್ವಾನ್ ಅಂತ ಹೆಸರು. ಉದ್ದ ಆಳು, ಹೆಲ್ಮೆಟ್ಟಿನ ಪಟ್ಟಿ ಕುಳಿತ ಕಡೆ ಮಾತ್ರ ಗಲ್ಲ ಬೆಳ್ಳಗೆ, ಉಳಿದದ್ದೆಲ್ಲ ಸುಟ್ಟ ಬಣ್ಣ. ಬಾಗಿಲಲ್ಲಿ ಕಾಲುಚೀಲ ಕಳಚಿದ, ಒಂದು ಹಿಡಿ ಮರಳು ಬಿತ್ತು. ಶಾಹಿನಾ ಪೊರಕೆ ತಂದು ಅವನ ಕೈಗೇ ಕೊಟ್ಟಳು. ಅವನು ಬಗ್ಗಿ ಗುಡಿಸಿದ. ಆಗಲೇ ನನಗೆ ಅವನು ಹಿಡಿಸಿದ್ದು.

ಅವನು ಬಂದು ಹೋಗುವ ಶನಿವಾರಗಳಲ್ಲಿ ಅವನ ಕತೆ ಚೂರುಚೂರಾಗಿ ತಿಳಿಯಿತು. ತಂದೆ ಅಹ್ಮದ್ ಕುಂಞಿಯವರದ್ದು ಇಲ್ಲೇ ಮುಸಫ್ಫಾದಲ್ಲಿ ಒಂದು ಸಣ್ಣ ಕೆಫೆಟೇರಿಯಾ ಇತ್ತಂತೆ, ಚಹಾ ಮತ್ತು ಪರೋಟ ರೋಲು. ಇವನು ಸಕ್ಕರೆ ಚೀಲದ ಮೇಲೆ ಕುಳಿತು ಹೋಂವರ್ಕ್ ಮಾಡಿದವನು. ಲಾರಿಯವರು ಚಹಾಕ್ಕೆ ಬಂದಾಗೆಲ್ಲ ತಂದೆ ಇವನನ್ನು ತೋರಿಸಿ "ಇವನು ಕುಡಿಯುವವನೂ ಅಲ್ಲ, ಕಾಸುವವನೂ ಅಲ್ಲ, ಕಟ್ಟುವವನು" ಎನ್ನುತ್ತಿದ್ದರಂತೆ. ಕೇರಳದಲ್ಲಿ ಇಂಜಿನಿಯರಿಂಗ್ ಓದಿ ಬಂದು, ರುವೈಸ್ ಕಡೆಯ ಮರಳುಗಾಡಿನಲ್ಲಿ ರೈಲಿನ ಹಳಿ ಹಾಕುವ ಕೆಲಸಕ್ಕೆ ಸೇರಿದ. ಮಗನ ವೀಸಾ ಸ್ಟ್ಯಾಂಪ್ ಆದ ತಿಂಗಳೇ ತಂದೆ ಅಂಗಡಿ ಬಿಟ್ಟುಕೊಟ್ಟು, ಇನ್ನು ನನ್ನದು ಖಲಾಸ್ ಎಂದು ಊರಿಗೆ ಹೋದರು. ಕೆಲವು ವರ್ಷಗಳಲ್ಲಿ ಅವರ ಗಂಟಲಲ್ಲಿ ಕಾಯಿಲೆ ಬಂತು. ಮಂಗಳೂರಿನಲ್ಲಿ ಆಪರೇಶನ್ ಮಾಡಿ ಸ್ವರಪೆಟ್ಟಿಗೆಯನ್ನೇ ತೆಗೆದರು.

ಮಗ ಫೋನ್ ಮಾಡಿದರೆ ಅವರು ಕೇಳಬಲ್ಲರು, ಉತ್ತರ ಕೊಡಲಾಗದು. ತಾಯಿ ಹಫೀಝಾ ಸ್ಪೀಕರ್ ಹಾಕಿ, ಗಂಡನ ಕೈಸನ್ನೆ ನೋಡಿ ತನಗೆ ತೋಚಿದ್ದನ್ನು ಹೇಳುತ್ತಿದ್ದಳು. ಅಕ್ಕಪಕ್ಕದವರೂ ಸುತ್ತ ಕುಳಿತಿರುತ್ತಿದ್ದರು. ಆ ಮನುಷ್ಯ ಬೇಸತ್ತು ಪೆನ್ನು ಹಿಡಿದರು. ಊರಿಂದ ಅಬುಧಾಬಿಗೆ ಯಾರು ಹೊರಟರೂ ಅವರ ಜೇಬಿಗೆ ಒಂದು ಕಾಗದ.

ನಾನು ಓದಿದ ಮೊದಲನೆಯದರಲ್ಲಿ ಹೀಗಿತ್ತು: "ಕನ್ನಡ ಬಾರದಿದ್ದರೆ ಯಾರಿಂದಾದರೂ ಓದಿಸಿಕೋ, ನಾಚಿಕೆ ಬೇಡ. ನಾನು ಆ ದೇಶದಲ್ಲಿ ಇದ್ದಷ್ಟು ಕಾಲವೂ ಬಲದಿಯಾ ಆಫೀಸಿನ ಅರಬಿ ಕಾಗದಗಳನ್ನು ಬೇರೆಯವರಿಂದ ಓದಿಸಿಕೊಂಡವನೇ. ಇಲ್ಲಿ ನಿನ್ನ ಉಮ್ಮ ಈಗ ಎಲ್ಲ ವಾದಗಳಲ್ಲೂ ಗೆಲ್ಲುತ್ತಿದ್ದಾಳೆ, ಎದುರು ಮಾತಾಡುವವರಿಲ್ಲ. ರೈಲಿನ ಹಳಿಗೆ ಜಲ್ಲಿ ಎಲ್ಲಿಂದ ತರುತ್ತೀರಿ? ಒಂಟೆ ಅಡ್ಡ ಬಂದರೆ ಏನು ಮಾಡುತ್ತೀರಿ? ಸರಿಯಾಗಿ ಬರೆ."

ಅವನು ನಗುತ್ತ ಕೇಳಿದ, ಉತ್ತರ ಹೇಳಿದ, ನಾನು ಬರೆದೆ. ಜಲ್ಲಿ ಫುಜೈರಾ ಕಡೆಯ ಗುಡ್ಡದಿಂದ ಬರುತ್ತದೆ. ಒಂಟೆಗಳಿಗೆ ಹಳಿಯ ಅಡಿಯಿಂದ ದಾರಿ ಬಿಟ್ಟಿದ್ದಾರೆ, ಆದರೆ ಅವು ಆ ದಾರಿ ಬಿಟ್ಟು ಬೇಲಿಯ ಹತ್ತಿರವೇ ಬಂದು ನಿಂತು ನೋಡುತ್ತವೆ. ಬಿಸಿಲಿಗೆ ಉಕ್ಕು ಬೆಳೆಯುತ್ತದೆ, ಅದಕ್ಕಾಗಿ ಹಳಿಯ ಮೈ ಕಾವು ನೋಡಿಯೇ ಬೆಸುಗೆ ಹಾಕುತ್ತಾರೆ. ನನಗೂ ಇದೆಲ್ಲ ಹೊಸತು. ಇವನು ಸುಲೈಮಾನಿ ಚಹಾ ಕುಡಿಯುತ್ತ, ಅಕ್ಕಿಹಿಟ್ಟಿನ ಪತ್ತಿರ್ ಮುರಿಯುತ್ತ ಹೇಳುವುದನ್ನು ಕೇಳುವ ಆಸೆಗೇ ನಾನು ಶನಿವಾರ ಕಾಯುತ್ತಿದ್ದೆ.

ಆದರೆ ಒಂದು ವಿಷಯ ನೋಡಿದ್ದೆ. ಕಾಗದದಲ್ಲಿ ತಂದೆ ಗಂಟಲಿನ ಮಾತೆತ್ತಿದರೆ ಇವನು ತಿನ್ನುವುದು ನಿಲ್ಲಿಸುತ್ತಿದ್ದ.

ಒಂದು ದಿನ ಶಾಹಿನಾ ಸಾಮಾನು ತರಲು ಕೆಳಗೆ ಹೋದಾಗ ಅವನೇ ಬಾಗಿಲು ಮುಚ್ಚಿ ಬಂದು ಕುಳಿತ. ಊರಿಗೆ ಹೋದ ಮೇಲೆ ತಂದೆ ಅವನಿಗೆ ದಿನವೂ ಫೋನಿನಲ್ಲಿ ಸ್ವರ ತುಂಬಿ ಕಳಿಸುತ್ತಿದ್ದರಂತೆ. ಬಾವಿಯ ನೀರು, ಹಲಸಿನ ಹಣ್ಣು, ಸತ್ತವರು, ಮದುವೆಯಾದವರು, ಎಲ್ಲವೂ ಉದ್ದುದ್ದ. ಸೈಟಿನಲ್ಲಿ ಇವನಿಗೆ ಪುರುಸೊತ್ತಿಲ್ಲ. ಮೆಸೇಜುಗಳನ್ನು ಎರಡು ಪಟ್ಟು ವೇಗಕ್ಕೆ ಹಾಕಿ ಕೇಳುವುದು ಅಲ್ಲಿನ ಎಲ್ಲರ ಅಭ್ಯಾಸ. ಹಾಗೆ ಓಡಿಸಿದರೆ ಯಾರ ಸ್ವರವೂ ತೆಳ್ಳಗೆ ಕೀಚು ಕೀಚು. ತಂದೆಯ ಗಂಟಲು ತಿಂಗಳುಗಟ್ಟಲೆ ಒಡೆಯುತ್ತ ಬಂದದ್ದು ಮಗನ ಕಿವಿಗೆ ಬೀಳಲೇ ಇಲ್ಲ.

ಅಷ್ಟೇ ಆಗಿದ್ದರೆ ಅವನು ತಡೆದುಕೊಳ್ಳುತ್ತಿದ್ದನೋ ಏನೋ. ಆಪರೇಶನ್ ಆದ ಮೇಲೆ ಅವನು ಸೈಟಿನ ಕ್ಯಾಬಿನ್ನಿನಲ್ಲಿ ಕುಳಿತು ಆ ಹಳೆಯ ಮೆಸೇಜುಗಳನ್ನೆಲ್ಲ ಮೊದಲಿಂದ ಸಾವಕಾಶ ಕೇಳಿದ. ಮಳೆಗಾಲದ ಸುರುವಿನ ಒಂದರಲ್ಲಿ ತಂದೆ ಕೇಳಿದ್ದರು, ಸ್ವರ ಬಿದ್ದುಹೋಗಿದೆ, ಮಂಗಳೂರಿಗೆ ಹೋಗಿ ತೋರಿಸುವುದಾ ಅಥವಾ ಮಳೆ ಬಿಟ್ಟ ಮೇಲೆ ಸಾಕಾ, ನೀನೆಂತ ಹೇಳ್ತೀ ಎಂದು. ಅದರ ಅಡಿಯಲ್ಲಿ ಇವನು ಮೇಲೆತ್ತಿದ ಹೆಬ್ಬೆರಳಿನ ಗುರುತು ಹಾಕಿದ್ದ. ಮಳೆ ಬಿಟ್ಟ ಮೇಲೆ ಸಾಕು ಎಂಬುದಕ್ಕೆ ಮಗ ಸರಿ ಅಂದ ಎಂದುಕೊಂಡು ತಂದೆ ಕಾದರು.

"ಅದನ್ನು ನಾನು ಕೇಳಲೇ ಇಲ್ಲ ಮಾಮಿ. ಹೆಬ್ಬೆರಳು ಒತ್ತಿದೆ. ಉಪ್ಪ ಅದನ್ನು ನನ್ನ ಮಾತು ಅಂತ ತೆಗೆದುಕೊಂಡರು. ಇದನ್ನು ಬರೆದು ಕೊಡಿ. ಪೊರುತ್ತ ಕೊಡ್ತಾರಾ ಇಲ್ವಾ, ನನಗೆ ಗೊತ್ತಾಗ್ಬೇಕು."

ತಂದೆತಾಯಿ ಪೊರುತ್ತ ಕೊಡದಿದ್ದರೆ, ಅಂದರೆ ಮನಸ್ಸಿನಿಂದ ಬಿಟ್ಟುಕೊಡದಿದ್ದರೆ, ಮಕ್ಕಳಿಗೆ ನಿದ್ದೆ ಬರಬಾರದು ಎಂದು ನಂಬಿದವರು ನಾವು. ಮತ್ತೊಂದು ಆಪರೇಶನ್ ಬೇಕಾದೀತು ಎಂದು ಡಾಕ್ಟರು ಹೇಳಿದ್ದರು, ಆಮೇಲೆ ಏನೋ ಎಂತೋ. ಫೋನಿನಲ್ಲಿ ಹೇಳೋಣವೆಂದರೆ ಇಡೀ ಮನೆ ಕೇಳುತ್ತದೆ. ಸ್ವರ ತುಂಬಿ ಕಳಿಸಲು ಅವನಿಗೆ ಮುಖವಿಲ್ಲ.

ನಾನು ಪೆನ್ನು ಹಿಡಿದೆ. ಆ ವೇಗ, ಆ ಹೆಬ್ಬೆರಳು, ಇದನ್ನೆಲ್ಲ ಕಾಗದದ ಕನ್ನಡಕ್ಕೆ ಹೇಗೆ ತರುವುದೋ ತಿಳಿಯಲಿಲ್ಲ. ತಿಳಿದಿದ್ದರೂ ಬರೆಯುತ್ತಿದ್ದೆನಾ? ಕಾಯಿಲೆಯ ಮನುಷ್ಯ, ಇದನ್ನು ಓದಿದರೆ ಎದೆ ಒಡೆದೀತು ಎಂದುಕೊಂಡೆ. ಓಣಿಯ ಹೆಂಗಸರಿಗೆ ಬರೆದುಕೊಟ್ಟ ಕೈ ತಾನಾಗಿಯೇ ಓಡಿತು: "ತಮ್ಮ ಆರೋಗ್ಯದ ವಿಷಯದಲ್ಲಿ ನನ್ನಿಂದ ಏನಾದರೂ ಅಲಕ್ಷ್ಯವಾಗಿದ್ದಲ್ಲಿ ದೊಡ್ಡ ಮನಸ್ಸು ಮಾಡಿ ಕ್ಷಮಿಸಬೇಕಾಗಿ ಬೇಡಿಕೊಳ್ಳುತ್ತೇನೆ." ಬರೆದು ಮಡಚಿದೆ. ಅವನು ಓದಿ ಹೇಳಿ ಎನ್ನಲಿಲ್ಲ. ಮುಖ ತೊಳೆದುಕೊಂಡು ಹೋದ.

ಆ ವಾರಗಳಲ್ಲಿ ಅವನು ಬಂದರೂ ಸರಿಯಾಗಿ ಕೂರುತ್ತಿರಲಿಲ್ಲ. ಕೆಳಗಿನ ಅಂಗಡಿಗೆ ಊರಿಂದ ಯಾರಾದರೂ ಬಂದರಾ ಎಂದು ಕೇಳಿ ಬರುತ್ತಿದ್ದ. "ಮದುವೆ ಹೆಣ್ಣಿನ ಫೋಟೋ ಬರ್ಲಿಕ್ಕುಂಟಾ?" ಎಂದು ಶಾಹಿನಾ ಕೆಣಕಿದರೂ ನಗಲಿಲ್ಲ. ನಾನು ಒಳ್ಳೆಯದನ್ನೇ ಮಾಡಿದೆನೆಂದು ನನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದೆ, ಆದರೆ ಅವನ ಬಟ್ಟಲಿಗೆ ಚಹಾ ಬಗ್ಗಿಸುವಾಗ ಅವನ ಮುಖ ನೋಡುತ್ತಿರಲಿಲ್ಲ.

ಉತ್ತರ ಬಂತು. ಲಕೋಟೆಯನ್ನು ಅವನೇ ಒಡೆದು ನನ್ನ ಕೈಗೆ ಕೊಟ್ಟ. ಮಾವಿನ ಮಿಡಿ, ಹೊಸ ಔಷಧಿ, ನೆರೆಮನೆಯ ಗೋಡೆಯ ತಕರಾರು ಓದಿದೆ. ಮುಂದಿನ ಸಾಲು ಕಣ್ಣಿಗೆ ಬಿದ್ದು ನಿಂತೆ. ಹಾರಿಸಿಬಿಡಬಹುದಿತ್ತು, ಅವನಿಗೆ ಹೇಗೂ ತಿಳಿಯುತ್ತಿರಲಿಲ್ಲ.

"ಓದಿ ಮಾಮಿ."

ಓದಿದೆ. "ಬರೆದುಕೊಡುವ ಆ ತಾಯಿಗೆ ನನ್ನ ಸಲಾಂ ಹೇಳು. ಕ್ಷಮಿಸಬೇಕು, ಬೇಡಿಕೊಳ್ಳುತ್ತೇನೆ ಎಂದೆಲ್ಲ ಹಳೆಯ ಕ್ರಮದಲ್ಲಿ ಬರೆದಿದ್ದಾರೆ, ಓದಿ ನಗು ಬಂತು. ನನ್ನ ಮಗನಿಂದ ನನಗೆ ಯಾವ ಅಲಕ್ಷ್ಯವೂ ಆಗಿಲ್ಲ."

ಅವನು ಬಟ್ಟಲು ಕೆಳಗಿಟ್ಟ. ನಾನು ಏನು ಬರೆದಿದ್ದೆನೆಂದು ಕೇಳಿದ. ನನ್ನ ಸಾಲು ನನಗೆ ಬಾಯಿಪಾಠವಿತ್ತು, ಹೇಳಿದೆ, ಅರ್ಥವನ್ನೂ ಬಿಡಿಸಿದೆ. ನಿನ್ನ ತಂದೆಗೆ ನೋವಾಗುವುದು ಬೇಡವೆಂದು ಹಾಗೆ ಮಾಡಿದೆ ಎಂದೆ. ಅದು ಅರ್ಧ ಸತ್ಯ. ಅವನ ಮಾತನ್ನು ನನ್ನ ಕೈಯಿಂದ ಬರೆಯುವ ಧೈರ್ಯ ನನಗೇ ಇರಲಿಲ್ಲ. ಅವನು ಬೈದಿದ್ದರೆ ಹಗುರಾಗುತ್ತಿತ್ತು, ಬೈಯಲಿಲ್ಲ.

"ಆಗಿದ್ದಲ್ಲಿ ಅಂತ ಬರೆದದ್ದಾ? ಆಗಿದೆ ಮಾಮಿ," ಎಂದ ಮೆಲ್ಲಗೆ.

ಅದು ಅವನು ನನ್ನ ಎದುರು ಕುಳಿತ ಕೊನೆಯ ಶನಿವಾರ. ಮರುವಾರವೇ ಅವನನ್ನು ಒಮಾನ್ ಗಡಿಯ ಕಡೆಯ ಕೆಲಸಕ್ಕೆ ಹಾಕಿದರು, ಹಮ್ದಾನ್ ಸ್ಟ್ರೀಟಿಗೆ ಬರುವುದು ನಿಂತಿತು. ಆ ದಿನ ಮಾತ್ರ ಅವನು ಎದ್ದು ಹೋಗಲಿಲ್ಲ. ಟೀಪಾಯಿಯ ಮೇಲಿದ್ದ ಕಾಗದದ ಕಟ್ಟನ್ನು ನನ್ನ ಮುಂದೆ ಸರಿಸಿದ, ಪೆನ್ನಿನ ಮುಚ್ಚಳ ತಾನೇ ತೆಗೆದು ಕೊಟ್ಟ.

"ಕನ್ನಡ ಬೇಡ. ಅಕ್ಷರ ಮಾತ್ರ ಕನ್ನಡದ್ದು ಇರ್ಲಿ. ನಾನು ಬ್ಯಾರಿಯಲ್ಲಿ ಹೇಳ್ತೇನೆ, ನನ್ನ ಬಾಯಿಂದ ಎಂತ ಬರ್ತದೋ ಅದನ್ನೇ ಬರೀರಿ ಮಾಮಿ. ಒಂದು ಮಾತೂ ಚಂದ ಮಾಡ್ಬೇಡಿ."