ಫೋಟೋದಿಂದ ಕತ್ತರಿಸಿದ ಚೆಂಡು

ಈ ವರ್ಷ ಯುಗಾದಿ ಕಳೆದ ಮೊದಲ ಭಾನುವಾರ, ಮಲೇಷ್ಯಾದ ಪುಚೊಂಗ್‌ನ ಒಂದು ಬಾಡಿಗೆ ಸಭಾಂಗಣದಲ್ಲಿ ನಮ್ಮ ಕನ್ನಡ ಬಳಗ ಸಿಂಚನಾ ಎಂಬ ಕಾಲೇಜು ಹುಡುಗಿಗೆ ಪ್ರತಿಭಾ ಪುರಸ್ಕಾರ ನೀಡಿತು. ಶಾಲು, ಹಾರ, ಫಲಕ. ಫಲಕದ ಮೇಲೆ ‘ಶೈಕ್ಷಣಿಕ ಸಾಧನೆಗಾಗಿ’ ಎಂದಿತ್ತು. ಆ ಎರಡು ಪದ ನನ್ನವು. ಅಂದೇ ಹಂಚಿದ ಬಳಗದ ಪತ್ರಿಕೆಯಲ್ಲಿ ಅವಳ ಬಗ್ಗೆ ಬಂದ ಎಂಟು ಸಾಲಿನ ಸುದ್ದಿಯೂ ನನ್ನದೇ. ಮೂವತ್ತು ವರ್ಷ ಸುದ್ದಿಮನೆಯಲ್ಲಿ ಬೇರೆಯವರ ತಪ್ಪು ತಿದ್ದಿ ಸಂಬಳ ಪಡೆದವನು ನಾನು. ಆ ಎಂಟು ಸಾಲಿನಲ್ಲಿ ಒಂದೂ ತಪ್ಪಿರಲಿಲ್ಲ. ತೊಂದರೆ ಇದ್ದದ್ದೇ ಅಲ್ಲಿ.

ಅವಳನ್ನು ಮೊದಲು ಗೌರವಿಸಿದ್ದು ನಾವಲ್ಲ, ಪೆಟಾಲಿಂಗ್ ಜಯಾದ ಅವಳ ಕಾಲೇಜು. ಅಲ್ಲಿ ಅಮೆರಿಕನ್ ಫುಟ್ಬಾಲ್ ತಂಡವೊಂದಿದೆ. ಇಲ್ಲಿನ ಸೆಕೆಗೂ ಆ ಆಟಕ್ಕೂ ಏನು ನಂಟೋ ನನಗೆ ತಿಳಿಯದು. ಇವರು ಆಡುವುದು ಅದರ ಸಾಧು ರೂಪ: ಎದುರಾಳಿಯನ್ನು ಕೆಡವುವಂತಿಲ್ಲ, ಸೊಂಟದ ಪಟ್ಟಿಯಲ್ಲಿ ನೇತಾಡುವ ಬಟ್ಟೆಯ ತುಂಡನ್ನು ಕಿತ್ತರೆ ಸಾಕು, ಓಟ ನಿಂತಿತು. ಪೂರ್ತಿ ಸೀಸನ್ ಆಡಿಯೂ ಓದಿನಲ್ಲಿ ನಾಲ್ಕಕ್ಕೆ ಮೂರೂವರೆಗಿಂತ ಹೆಚ್ಚು ಸರಾಸರಿ ಉಳಿಸಿಕೊಂಡವರ ಪಟ್ಟಿಯನ್ನು ಕಾಲೇಜು ಸೀಸನ್ ಮುಗಿದ ಮೇಲೆ ಹೊರಡಿಸುತ್ತದೆ. ಸಿಂಚನಾ ಆ ಪಟ್ಟಿಯಲ್ಲಿದ್ದಳು.

ಅವಳ ತಂದೆ ಗುರುಪ್ರಸಾದ್ ಮೈಸೂರಿನವರು, ಇಲ್ಲೊಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಕೆಲಸ. ಮಗಳ ಆಟಕ್ಕೆ ಅವರು ಹಾಕಿದ ಷರತ್ತು ಒಂದೇ: ಮೂರೂವರೆಗಿಂತ ಇಳಿದ ದಿನ ಆಟ ಬಂದ್. ಅವಳು ಇಳಿಯಲಿಲ್ಲ. ಮೊಣಕಾಲಿಗೆ ಮಣ್ಣು ಮೆತ್ತಿಕೊಂಡು, ಎಲ್‌ಆರ್‌ಟಿ ರೈಲಿನಲ್ಲಿ ಕಂಬಕ್ಕೆ ಒರಗಿ ನಿಂತೇ ಓದುತ್ತಿದ್ದುದನ್ನು ಎಷ್ಟೋ ಸಂಜೆ ಕಂಡಿದ್ದೇನೆ. ಕೊನೆಯ ವರ್ಷ ತಂಡದ ನಾಯಕಿ ಅವಳೇ ಎಂದು ಕೋಚ್ ಹೇಳಿಯಾಗಿತ್ತು. ಅವಳಿಗೆ ಬೇಕಿದ್ದುದು ಆ ಒಂದು ವರ್ಷ.

ನಾನಿದ್ದ ಪತ್ರಿಕಾಲಯದಲ್ಲಿ ಕ್ರೀಡೆಗೊಂದು ಮೇಜು, ಶಿಕ್ಷಣಕ್ಕೊಂದು ಮೇಜು. ಇಂಥ ಸುದ್ದಿ ಬಂದರೆ ಕ್ರೀಡೆಯವರು “ಇದು ಮಾರ್ಕ್ಸಿನ ವಿಷಯ” ಎಂದು ಅತ್ತ ತಳ್ಳುತ್ತಿದ್ದರು, ಶಿಕ್ಷಣದವರು “ಇದು ಚೆಂಡಿನ ವಿಷಯ” ಎಂದು ಇತ್ತ ತಳ್ಳುತ್ತಿದ್ದರು. ಸಂಜೆಯ ಹೊತ್ತಿಗೆ ಅದು ಕಸದ ಬುಟ್ಟಿಯಲ್ಲಿರುತ್ತಿತ್ತು. ನಮ್ಮ ಮನೆಗಳೂ ಹಾಗೆಯೇ. ಗರಡಿಗೆ ಹೋಗುವವನಿಗೆ ಓದು ಹತ್ತುವುದಿಲ್ಲ, ಓದುವವನಿಗೆ ಗರಡಿ ಬೇಕಿಲ್ಲ ಎಂಬ ನಂಬಿಕೆಯನ್ನು ಚಕ್ಕುಲಿ ಡಬ್ಬಿಯ ಜೊತೆಗೇ ಕಟ್ಟಿಕೊಂಡು ಬಂದಿದ್ದೇವೆ. ವಿಮಾನ ನಿಲ್ದಾಣದಲ್ಲಿ ಅದನ್ನು ಯಾರೂ ತೂಗುವುದಿಲ್ಲ.

ಪತ್ರಿಕೆಗೆ ಫೋಟೋ ಕೊಡಲು ಗುರುಪ್ರಸಾದ್ ನನ್ನನ್ನು ಇಲ್ಲಿನ ತಮಿಳು ಮುಸ್ಲಿಮರ ಮಾಮಕ್ ಹೋಟೆಲಿಗೆ ಚಹಾಕ್ಕೆ ಕರೆದರು. ಫೋಟೋದಲ್ಲಿ ಸಿಂಚನಾಳ ಒಂದು ಕೈಯಲ್ಲಿ ಪ್ರಮಾಣಪತ್ರ, ಇನ್ನೊಂದು ಕಂಕುಳಲ್ಲಿ ಆ ಆಟದ ಮೊಟ್ಟೆಯಾಕಾರದ ಚೆಂಡು.

“ಸಾರ್, ಆ ಬಾಲ್ ತೆಗೆದುಬಿಡಿ. ನಮ್ಮವರಿಗೆ ಅದೇನು ಅಂತಾನೇ ಗೊತ್ತಾಗಲ್ಲ. ಸುಲಿಯದ ತೆಂಗಿನಕಾಯಿ ಅನ್ಕೋತಾರೆ.”

ನಕ್ಕೆ. ನಗುತ್ತಲೇ ಕತ್ತರಿಸಿದೆ. ಚೆಂಡಿನ ಜೊತೆಗೆ ಸುದ್ದಿಯಲ್ಲಿದ್ದ ಆಟದ ಸಾಲೂ ಹೋಯಿತು.

ಪುರಸ್ಕಾರ ಮುಗಿದು ಊಟಕ್ಕೆ ನಿಂತಾಗ ಸಿಂಚನಾ ಪತ್ರಿಕೆ ಹಿಡಿದು ಬಂದಳು. ಕನ್ನಡ ಓದಲು ಬಾರದ ಅವಳು ಸುದ್ದಿಯನ್ನು ಅಮ್ಮನ ಕೈಯಲ್ಲಿ ಓದಿಸಿಕೊಂಡಿದ್ದಳು.

“ಅಂಕಲ್, ವೇರ್ ಈಸ್ ಮೈ ಬಾಲ್ ಲಾ?” ಇಲ್ಲಿನ ಮಕ್ಕಳಂತೆ ಇಂಗ್ಲಿಷಿಗೆ ‘ಲಾ’ ಸೇರಿಸಿ ಕೇಳಿದಳು.

“ಜಾಗ ಇರ್ಲಿಲ್ಲಮ್ಮ.”

“ಸಂಕ್ರಾಂತಿ ಊಟಕ್ಕೆ ಒಂದು ಪೇಜ್ ಇತ್ತಲ್ಲ.” ಇದನ್ನು ಮಾತ್ರ ಕನ್ನಡದಲ್ಲೇ ಹೇಳಿದಳು.

ಅಷ್ಟರಲ್ಲಿ ಗುರುಪ್ರಸಾದ್ ಮಗಳ ಶಾಲನ್ನು ತೋಳಿಗೆ ಹಾಕಿಕೊಂಡು ಬಂದರು. “ನೋಡು ಪುಟ್ಟಿ, ಬಳಗದವರೇ ಬರೆದಿದಾರೆ. ಆಟದ ಮಾತೇ ಇಲ್ಲ. ಹೆಸರು ಬಂತಲ್ಲ, ಇನ್ನು ಸಾಕು. ಲಾಸ್ಟ್ ಇಯರ್, ಸುಮ್ನೆ ಓದ್ಕೋ.”

“ಅಪ್ಪಾ, ಯು ಸೆಡ್ ತ್ರೀ ಪಾಯಿಂಟ್ ಫೈವ್.”

“ಹೇಳಿದ್ದೆ. ಈಗ ಅಂಕಲ್‌ನೇ ಕೇಳು.”

ಇಬ್ಬರೂ ನನ್ನ ಕಡೆ ನೋಡಿದರು. ಕೋಸಂಬರಿ ಚೆನ್ನಾಗಿದೆ ಎಂದೆ.

ಯಾರ ಪಕ್ಷವನ್ನೂ ವಹಿಸಬಾರದೆಂಬುದು ನಮ್ಮ ವೃತ್ತಿಯ ಮೊದಲ ಪಾಠ. ಎಷ್ಟು ಬಗೆಯ ಹೇಡಿತನಕ್ಕೆ ಅದು ಹೊದಿಕೆಯಾಗಬಲ್ಲದು ಎಂಬುದನ್ನು ಯಾರೂ ಕಲಿಸುವುದಿಲ್ಲ, ಅದು ಅನುಭವದಿಂದ ಬರುತ್ತದೆ. ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಹಾಕಿದೆ: ‘ಸಿಂಚನಾಗೆ ಸಂದ ಗೌರವ ಓದು ಮತ್ತು ಆಟ ಎರಡಕ್ಕೂ ಸೇರಿದ್ದು.’ ಕೊನೆಯ ಪುಟ, ಬಾಡಿಗೆ ಮನೆಯ ಜಾಹೀರಾತಿನ ಕೆಳಗೆ. ಅಷ್ಟರಲ್ಲಿ ಅವಳು ಆಟದ ಆ ಸೊಂಟದ ಪಟ್ಟಿಯನ್ನು ಕಾಲೇಜಿಗೆ ಹಿಂತಿರುಗಿಸಿ ಮೂರು ವಾರವಾಗಿತ್ತು.

ಈ ಸೀಸನ್ನಿನ ಪಟ್ಟಿ ಹೋದ ಸೋಮವಾರ ಬಂತು. ಒಂಬತ್ತು ಹೆಸರುಗಳಿವೆ. ಸಿಂಚನಾಳ ಸರಾಸರಿ ಆ ಒಂಬತ್ತು ಜನರಲ್ಲಿ ಯಾರದ್ದಕ್ಕಿಂತಲೂ ಹೆಚ್ಚಿದೆ. ಪಟ್ಟಿಗೆ ಸೇರಲು ಪೂರ್ತಿ ಸೀಸನ್ ಆಡಿರಬೇಕು. ಅವಳ ಹೆಸರಿಲ್ಲ.